ಲೆಕ್ಕವೂ ವಿವೇಕವೂ: ಕೃತಕ ಬುದ್ಧಿಮತ್ತೆಯ ಕಾಲದಲ್ಲಿ ನಾಯಕತ್ವ ಮತ್ತು ಮಾನವಿಕ ಶಾಸ್ತ್ರಗಳು

ನಾಡನ್ನಾಳುವವರಿಗಾಗಲಿ, ಊರಿನ ನೀರು ಬಳಕೆದಾರರ ಸಂಘವನ್ನು ನಡೆಸುವವರಿಗಾಗಲಿ ಎರಡು ಬಗೆಯ ಅರಿವು ಅವಶ್ಯಕ. ಇರುವುದೆಷ್ಟು, ಬೇಕಾದುದೆಷ್ಟು, ಉಳಿಯುವುದೆಷ್ಟು ಎಂಬುದನ್ನು ತಿಳಿಸುವ ಅರಿವು ಒಂದು. ಯಾರಿಗೆ ಕೊಡಬೇಕು, ಏಕೆ ಕೊಡಬೇಕು, ಕೊಡದೆ ಹೋದರೆ ಯಾರ ಮುಂದೆ ನಿಂತು ಉತ್ತರ ಹೇಳಬೇಕು ಎಂಬುದನ್ನು ತಿಳಿಸುವ ಅರಿವು ಇನ್ನೊಂದು. ಮೊದಲನೆಯದನ್ನು ಲೆಕ್ಕವೆಂದೂ ಎರಡನೆಯದನ್ನು ವಿವೇಕವೆಂದೂ ಕರೆಯಬಹುದು. ಲೆಕ್ಕದ ಕೆಲಸವನ್ನು ಯಂತ್ರಗಳು ಬಹುಮಟ್ಟಿಗೆ ವಹಿಸಿಕೊಳ್ಳುತ್ತಿರುವ ಇಂದಿನ ದಿನಗಳಲ್ಲಿ, ವಿವೇಕವನ್ನು ಬೆಳೆಸುವ ಸಾಹಿತ್ಯ, ಚರಿತ್ರೆ, ತತ್ತ್ವಶಾಸ್ತ್ರ, ನೀತಿಶಾಸ್ತ್ರ, ಭಾಷಾಶಾಸ್ತ್ರ ಮೊದಲಾದ ಮಾನವಿಕ ಶಾಸ್ತ್ರಗಳ ಸ್ಥಾನವೇನು ಎಂಬ ಪ್ರಶ್ನೆ ಎದ್ದಿದೆ. ಮಹಾನಗರಗಳ ವಿದ್ವದ್ಗೋಷ್ಠಿಗಳಲ್ಲಿ ಚರ್ಚೆಯಾಗುತ್ತಿರುವ ಈ ಪ್ರಶ್ನೆ ಸಿರಿಗೇರಿಯಂತಹ ಊರಿನ ಗದ್ದೆಯ ಬದುವಿನ ಮೇಲೂ ಬಂದು ನಿಂತಿದೆ.

ಸಿರಿಗೇರಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ-ಕುರುಗೋಡು ಸೀಮೆಯ ಗ್ರಾಮ. ತುಂಗಭದ್ರಾ ಅಣೆಕಟ್ಟಿನ ನೀರು 1953ರಿಂದೀಚೆಗೆ ಕಾಲುವೆಗಳಲ್ಲಿ ಹರಿಯತೊಡಗಿದ ಮೇಲೆ, ಜೋಳ ಹತ್ತಿಗಳ ಈ ಕರಿನೆಲದಲ್ಲಿ ಭತ್ತದ ಗದ್ದೆಗಳು ಹರಡಿಕೊಂಡವು. ಯೋಜನೆಯನ್ನು ರೂಪಿಸಿದವರ ಆಶಯ ಬೇರೆಯಾಗಿತ್ತು. ಕಡಿಮೆ ನೀರು ಬೇಡುವ ಬೆಳೆಗಳಿಗೆ ಹೆಚ್ಚಿನ ಪ್ರಾಧಾನ್ಯವಿತ್ತು, ಬರಪೀಡಿತ ಸೀಮೆಯ ಹೆಚ್ಚು ಜನರಿಗೆ ಅಲ್ಪಸ್ವಲ್ಪವಾದರೂ ನೀರನ್ನು ಮುಟ್ಟಿಸಬೇಕೆಂಬುದು ಅವರ ಎಣಿಕೆ. ಆದರೆ ಕಾಲುವೆಯ ಮೇಲ್ಭಾಗದವರು ಭತ್ತವನ್ನು ಹಿಡಿದರು. ಕೊನೆಯ ಭಾಗದವರಿಗೆ ನೀರು ತಲಪುವುದು ವರ್ಷವರ್ಷದ ಹೋರಾಟವಾಯಿತು. ಇತ್ತ ಹೂಳು ತುಂಬಿ ಜಲಾಶಯದ ಸಾಮರ್ಥ್ಯವು ಸುಮಾರು 133 ಟಿ.ಎಂ.ಸಿ. ಅಡಿಗಳಿಂದ ಸುಮಾರು 105 ಟಿ.ಎಂ.ಸಿ. ಅಡಿಗಳಿಗೆ ಇಳಿದಿದೆ. ಕರ್ನಾಟಕ, ಆಂಧ್ರಪ್ರದೇಶ, ತೆಲಂಗಾಣ ಈ ಮೂರು ರಾಜ್ಯಗಳಿಗೂ ಆ ನೀರಿನಲ್ಲಿ ಪಾಲುಂಟು. ಇಂತಹ ಸೀಮೆಯಲ್ಲಿ ಮುಂದಾಳಾಗುವುದೆಂದರೇನು ಎಂಬುದನ್ನು ಯೋಚಿಸಿದರೆ, ಯಂತ್ರಬುದ್ಧಿಯ ಶಕ್ತಿಯೂ ಅದರ ಮಿತಿಯೂ ಒಟ್ಟಿಗೆ ತಿಳಿದುಬರುತ್ತವೆ.

ಯಂತ್ರಬುದ್ಧಿಯ ಸ್ವರೂಪ

ಕೃತಕ ಬುದ್ಧಿಮತ್ತೆ ಎಂಬ ಹೆಸರು ಪ್ರಚಾರಕ್ಕೆ ಬಂದುದು 1956ರಲ್ಲಿ ಅಮೆರಿಕದ ಡಾರ್ಟ್‌ಮತ್ ಕಾಲೇಜಿನಲ್ಲಿ ಸೇರಿದ ವಿದ್ವಾಂಸರ ಗೋಷ್ಠಿಯಿಂದ. ಆರಂಭದ ದಿನಗಳಲ್ಲಿ ಮನುಷ್ಯನು ನಿಯಮಗಳನ್ನು ಒಂದೊಂದಾಗಿ ಬರೆದು ಗಣಕಯಂತ್ರಕ್ಕೆ ಒಪ್ಪಿಸುತ್ತಿದ್ದನು. ಈಗಿನ ಪದ್ಧತಿ ಬೇರೆ. ಅಪಾರವಾದ ಉದಾಹರಣೆಗಳನ್ನು ಯಂತ್ರದ ಮುಂದಿಡಲಾಗುತ್ತದೆ. ಅವುಗಳೊಳಗಿನ ಸಾಮ್ಯ ಸಂಬಂಧಗಳನ್ನು ಯಂತ್ರವು ಕೋಟ್ಯಂತರ ಸಂಖ್ಯೆಗಳ ರೂಪದಲ್ಲಿ ಗ್ರಹಿಸಿ ಇಟ್ಟುಕೊಳ್ಳುತ್ತದೆ. 2022ರ ನವೆಂಬರ್ ತಿಂಗಳಲ್ಲಿ ಜನಬಳಕೆಗೆ ಬಂದ ಚಾಟ್‌ಜಿಪಿಟಿಯಂತಹ ಭಾಷಾಯಂತ್ರಗಳ ಮೂಲತತ್ತ್ವವೂ ಇದೇ. ಒಂದು ಮಾತಿನ ಮುಂದೆ ಯಾವ ಮಾತು ಬರುವ ಸಂಭವ ಹೆಚ್ಚು ಎಂಬುದನ್ನು ಲೆಕ್ಕಹಾಕಿ, ಪದದ ಪಕ್ಕದಲ್ಲಿ ಪದವನ್ನಿಡುತ್ತ ಅವು ವಾಕ್ಯವನ್ನು ಕಟ್ಟುತ್ತವೆ. ಆ ವಾಕ್ಯ ಹಲವು ವೇಳೆ ಸರಿಯಾಗಿರುತ್ತದೆ, ಕೆಲವು ವೇಳೆ ತಪ್ಪಾಗಿರುತ್ತದೆ. ಎರಡನ್ನೂ ಯಂತ್ರವು ಒಂದೇ ಬಗೆಯ ನಿರರ್ಗಳತೆಯಿಂದ ನುಡಿಯುತ್ತದೆ.

ಈ ಯಂತ್ರಗಳಿಂದ ಉಪಕಾರವಿಲ್ಲವೆಂದು ಹೇಳುವುದು ಸತ್ಯಕ್ಕೆ ದೂರವಾದ ಮಾತು. ಬಳ್ಳಾರಿಗೆ ನೆರೆಯದಾದ ಕರ್ನೂಲು ಜಿಲ್ಲೆಯ ದೇವನಕೊಂಡದಲ್ಲಿ 2016ರ ಮುಂಗಾರಿನಲ್ಲಿ ಇಕ್ರಿಸ್ಯಾಟ್ ಸಂಶೋಧನ ಸಂಸ್ಥೆ ಮತ್ತು ಮೈಕ್ರೋಸಾಫ್ಟ್ ಕಂಪನಿಗಳು ಕೂಡಿ ಒಂದು ಪ್ರಯೋಗ ನಡೆಸಿದವು. ಹಲವು ವರ್ಷಗಳ ಮಳೆಯ ದಾಖಲೆಯನ್ನು ಯಂತ್ರವು ಪರಿಶೀಲಿಸಿತು. ಶೇಂಗಾವನ್ನು ಯಾವಾಗ ಬಿತ್ತಬೇಕೆಂಬ ಸಂದೇಶವನ್ನು 175 ಮಂದಿ ರೈತರ ಮೊಬೈಲುಗಳಿಗೆ ಕಳುಹಿಸಲಾಯಿತು. ಎಂದಿನಂತೆ ಜೂನ್ ಆರಂಭದಲ್ಲಿ ಬಿತ್ತದೆ ತಿಂಗಳ ಕೊನೆಯವರೆಗೆ ತಾಳಿಕೊಂಡವರ ಇಳುವರಿ ಸರಾಸರಿ ನೂರಕ್ಕೆ 30ರಷ್ಟು ಹೆಚ್ಚಿತೆಂದು ಆ ಸಂಸ್ಥೆಗಳು ವರದಿ ಮಾಡಿದವು. ಮೋಡವನ್ನು ನೋಡಿ ಬಿತ್ತುವ ರೈತನಿಗೆ ಇಂತಹ ಸಲಹೆ ದೊಡ್ಡ ಆಸರೆಯೇ ಸರಿ.

ಆದರೆ ಈ ಪ್ರಯೋಗದಲ್ಲಿ ಯಂತ್ರಕ್ಕೆ ಒಪ್ಪಿಸಿದ ಪ್ರಶ್ನೆಯ ಸ್ವರೂಪವನ್ನು ಗಮನಿಸಬೇಕು. ಎಂದು ಬಿತ್ತಿದರೆ ಹೆಚ್ಚು ಬೆಳೆ ಎಂಬುದಷ್ಟೇ ಅಲ್ಲಿನ ಪ್ರಶ್ನೆ. ಹೆಚ್ಚು ಬೆಳೆ ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿಲ್ಲ. ಗುರಿ ಮೊದಲೇ ನಿಶ್ಚಿತವಾಗಿದ್ದಾಗ ದಾರಿಯನ್ನು ಹುಡುಕುವುದರಲ್ಲಿ ಯಂತ್ರಕ್ಕೆ ಸಮಾನರಿಲ್ಲ. ಗುರಿಯೇ ವಿವಾದಕ್ಕೆ ಒಳಗಾದಾಗ ಏನು ಮಾಡಬೇಕು? ನಾಯಕನ ಕೆಲಸ ಆರಂಭವಾಗುವುದು ಅಲ್ಲಿಂದ.

ಲೆಕ್ಕ ನಿಲ್ಲುವ ಎಡೆ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು, ಗೇಟು ನೀರಿನಲ್ಲಿ ಕೊಚ್ಚಿಹೋಯಿತು. ಜಲಾಶಯ ತುಂಬಿದ್ದ ಸಮಯ. ಕಾಲುವೆಯ ಕೆಳಗೆ ನಾಟಿಯಾದ ಪೈರು. ನೀರನ್ನು ಬಹುವಾಗಿ ಹೊರಬಿಟ್ಟು ಮಟ್ಟವನ್ನಿಳಿಸಿದ ಮೇಲೆ ದುರಸ್ತಿಗೆ ಕೈಹಾಕುವುದು ನಿರಪಾಯದ ಮಾರ್ಗ, ಆದರೆ ಅದರಿಂದ ರೈತರ ನೀರು ನದಿಯ ಪಾಲಾಗುತ್ತಿತ್ತು. ಹರಿಯುವ ನೀರಿನಲ್ಲಿಯೇ ಉಕ್ಕಿನ ತಡೆಹಲಗೆಗಳನ್ನಿಳಿಸುವುದು ಸಾಹಸದ ಮಾರ್ಗ, ಅದರಲ್ಲಿ ಕೆಲಸಗಾರರ ಪ್ರಾಣಕ್ಕೆ ಅಪಾಯವಿತ್ತು. ಹಿರಿಯ ತಂತ್ರಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿವಿನ ನಡುವೆಯೇ ತಡೆಹಲಗೆಗಳನ್ನಿಳಿಸಿ, ಸುಮಾರು ಒಂದು ವಾರದಲ್ಲಿ ನೀರನ್ನು ತಡೆಯಲಾಯಿತು. ಹರಿವಿನ ವೇಗ, ಹಲಗೆಯ ತೂಕ, ಒತ್ತಡ ಇವೆಲ್ಲ ಗಣಿತದ ವಿಷಯಗಳು. ಎಷ್ಟು ನೀರಿಗಾಗಿ ಎಷ್ಟು ಅಪಾಯವನ್ನು ಮೈಮೇಲೆ ಹಾಕಿಕೊಳ್ಳಬಹುದು ಎಂಬುದಕ್ಕೆ ಗಣಿತದಲ್ಲಿ ಸೂತ್ರವಿಲ್ಲ. ಆ ನಿರ್ಧಾರವನ್ನು ಮನುಷ್ಯರೇ ಮಾಡಬೇಕಾಯಿತು. ತಪ್ಪಿದ್ದರೆ ಮನುಷ್ಯರೇ ಉತ್ತರ ಹೇಳಬೇಕಾಗಿತ್ತು.

ಇಂತಹ ದುರ್ಘಟನೆ ಅಪರೂಪ. ನಿತ್ಯದ ನೀರು ಹಂಚಿಕೆಯಲ್ಲಿಯೂ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಬರುತ್ತದೆ. ಜಲಾಶಯದಲ್ಲಿ ಉಳಿದ ನೀರೆಷ್ಟು, ಯಾವ ತೂಬಿಗೆ ಎಷ್ಟು ದಿನ ಬಿಟ್ಟರೆ ಒಟ್ಟು ಇಳುವರಿ ಹೆಚ್ಚುತ್ತದೆ ಎಂಬುದನ್ನು ಯಂತ್ರವು ಕ್ಷಣಮಾತ್ರದಲ್ಲಿ ಹೇಳಬಲ್ಲದು. ಒಟ್ಟು ಇಳುವರಿಯೇ ಗುರಿಯೆಂದು ಅದಕ್ಕೆ ಹೇಳಿದರೆ, ನೀರು ಸೋರಿ ನಷ್ಟವಾಗುವ ದೂರದ ತುದಿಯನ್ನು ಬಿಟ್ಟು ಕಾಲುವೆಯ ತಲೆಭಾಗಕ್ಕೇ ನೀರು ಕೊಡುವುದು ಲಾಭವೆಂದು ಅದು ಹೇಳಿದರೂ ಆಶ್ಚರ್ಯವಿಲ್ಲ. ಲೆಕ್ಕದಲ್ಲಿ ಯಾವ ತಪ್ಪೂ ಇರಲಾರದು. ಆದರೆ ತುದಿಯ ಎರಡು ಎಕರೆಯ ರೈತನ ಮನೆಯಲ್ಲಿ ಆ ವರ್ಷ ಒಲೆ ಹೊತ್ತುವುದು ಹೇಗೆ ಎಂಬ ಸಂಗತಿ ಆ ಲೆಕ್ಕದೊಳಗೆ ಬಂದೇ ಇಲ್ಲ. ಅದನ್ನು ಲೆಕ್ಕದೊಳಕ್ಕೆ ತರಬೇಕೆಂದು ಹೇಳುವವನೊಬ್ಬನು ಬೇಕು. ಅವನಿಗೆ ಆ ಮನೆಯ ಒಲೆ ಕಣ್ಣಿಗೆ ಕಾಣಬೇಕು.

ಯಂತ್ರದ ಮಾತನ್ನು ಕಣ್ಣುಮುಚ್ಚಿ ನಂಬಿದ ಆಳ್ವಿಕೆಗೆ ಏನಾಗುತ್ತದೆಂಬುದಕ್ಕೆ ನೆದರ್ಲೆಂಡ್ಸ್ ದೇಶದ ಉದಾಹರಣೆ ಸಾಕು. ಮಕ್ಕಳ ಪಾಲನೆಗಾಗಿ ಸರ್ಕಾರ ಕೊಡುತ್ತಿದ್ದ ಸಹಾಯಧನದಲ್ಲಿ ವಂಚಕರನ್ನು ಹಿಡಿಯಲು ಅಲ್ಲಿನ ತೆರಿಗೆ ಇಲಾಖೆಯು ಗಣಕದ ಶಂಕಾಮಾಪಕವೊಂದನ್ನು ಬಳಸುತ್ತಿತ್ತು. ಡಚ್ ಪೌರರಲ್ಲದಿರುವುದೂ ಅದರಲ್ಲಿ ಶಂಕೆಗೆ ಒಂದು ಕಾರಣವಾಗಿತ್ತು. ಅಧಿಕಾರಿಗಳ ಕಠೋರತೆಯೂ ಯಂತ್ರದ ಶಂಕೆಯೂ ಕೂಡಿ, ಇಪ್ಪತ್ತು ಸಾವಿರಕ್ಕೂ ಮಿಕ್ಕ ಪೋಷಕರು ನಿರಪರಾಧಿಗಳಾಗಿಯೂ ವಂಚಕರೆನಿಸಿಕೊಂಡರು. ಅರ್ಜಿಯಲ್ಲಿನ ಸಣ್ಣ ಲೋಪಗಳಿಗಾಗಿ ಪೂರ್ತಿ ಹಣವನ್ನು ಹಿಂದಿರುಗಿಸಬೇಕಾಗಿ ಬಂದು ಸಾಲದಲ್ಲಿ ಮುಳುಗಿದ ಮನೆತನಗಳೆಷ್ಟೋ. ಅಂತಿಮವಾಗಿ 2021ರ ಜನವರಿ 15ರಂದು ಆ ದೇಶದ ಮಂತ್ರಿಮಂಡಲವೇ ರಾಜೀನಾಮೆ ಕೊಟ್ಟಿತು. ಯಂತ್ರವು ರಾಜೀನಾಮೆ ಕೊಡಲಾರದು. ಲಜ್ಜೆಯಾಗಲಿ ಪಶ್ಚಾತ್ತಾಪವಾಗಲಿ ಅದಕ್ಕಿಲ್ಲ. ಆದುದರಿಂದಲೇ ಹೊಣೆಯನ್ನು ಅದರ ಮೇಲೆ ಹೊರಿಸಿ ನಾಯಕನು ಪಾರಾಗುವಂತಿಲ್ಲ.

ಈ ಅಪಾಯವನ್ನು ಮೊದಲೇ ಕಂಡವರು ಯಂತ್ರಶಾಸ್ತ್ರದೊಳಗೂ ಇದ್ದರು. ಜೋಸೆಫ್ ವೈಜನ್‌ಬಾಮ್ ಎಂಬ ವಿಜ್ಞಾನಿ 1966ರಲ್ಲಿ ಮನುಷ್ಯರೊಡನೆ ಬರಹದಲ್ಲಿ ಸಂಭಾಷಿಸುವ ಎಲೈಜಾ ಎಂಬ ಗಣಕಕ್ರಮವನ್ನು ಪ್ರಕಟಿಸಿದರು. ಎದುರಿನವರ ಮಾತನ್ನೇ ತಿರುಗಿಸಿ ಪ್ರಶ್ನೆಯಾಗಿ ಕೇಳುವ ಸರಳ ತಂತ್ರ ಅದರದು. ಅದರ ರಚನೆಯನ್ನು ಹತ್ತಿರದಿಂದ ಕಂಡಿದ್ದ ಅವರ ಕಾರ್ಯದರ್ಶಿಯೇ, ತಾನು ಅದರೊಡನೆ ಮಾತನಾಡಬೇಕು, ತಾವು ಹೊರಗಿರಬೇಕು ಎಂದು ಅವರನ್ನು ಕೇಳಿಕೊಂಡರಂತೆ. ಇದರಿಂದ ಚಿಂತಾಕ್ರಾಂತರಾದ ವೈಜನ್‌ಬಾಮ್ 1976ರಲ್ಲಿ ಒಂದು ಗ್ರಂಥವನ್ನೇ ಬರೆದು, ಲೆಕ್ಕದಿಂದ ತೀರ್ಮಾನಿಸುವುದು ಬೇರೆ, ವಿವೇಚಿಸಿ ಆರಿಸಿಕೊಳ್ಳುವುದು ಬೇರೆ ಎಂದು ಪ್ರತಿಪಾದಿಸಿದರು. ಯಂತ್ರಕ್ಕೆ ಮಾಡಲು ಸಾಧ್ಯವಾದ ಕೆಲಸಗಳಲ್ಲಿಯೂ ಕೆಲವನ್ನು ಅದಕ್ಕೆ ಒಪ್ಪಿಸಬಾರದೆಂಬುದು ಅವರ ಮತ.

ಮಾನವಿಕ ಶಾಸ್ತ್ರಗಳ ಕೊಡುಗೆ

ಹಾಗಾದರೆ ಆರಿಸಿಕೊಳ್ಳುವ ವಿವೇಕವನ್ನು ಎಲ್ಲಿ ಕಲಿಯಬೇಕು? ಸಿರಿಗೇರಿಯ ಸೀಮೆಯಲ್ಲಿಯೇ ಚರಿತ್ರೆಯ ಒಂದು ಪಾಠ ಬಂಡೆಯ ಮೇಲಿದೆ. ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು ಮತ್ತು ಉದೇಗೊಳಗಳಲ್ಲಿ ಅಶೋಕನ ಶಾಸನಗಳು 1970ರ ದಶಕದ ಉತ್ತರಾರ್ಧದಲ್ಲಿ ಬೆಳಕಿಗೆ ಬಂದವು. ದೇವಾನಾಂಪ್ರಿಯನೆಂಬ ಬಿರುದಷ್ಟೇ ಅಲ್ಲದೆ ಅಶೋಕನೆಂಬ ಹೆಸರೂ ಬರುವ ಬೆರಳೆಣಿಕೆಯ ಶಾಸನಗಳ ಸಾಲಿಗೆ ಇವು ಸೇರುತ್ತವೆ. ನೆರೆಯ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಇದೇ ಬಗೆಯ ಕಿರುಶಾಸನಗಳೊಡನೆ ಅವನ ಹದಿನಾಲ್ಕು ದೊಡ್ಡ ಬಂಡೆಶಾಸನಗಳೂ ಇವೆ. ಅವುಗಳಲ್ಲಿ ಹದಿಮೂರನೆಯದು ಕಳಿಂಗ ಯುದ್ಧವನ್ನು ಕುರಿತದ್ದು. ಒಂದು ಲಕ್ಷ ಜನ ಸತ್ತರೆಂದೂ ಒಂದೂವರೆ ಲಕ್ಷ ಜನ ಸೆರೆಯಾಗಿ ಒಯ್ಯಲ್ಪಟ್ಟರೆಂದೂ ಅದರಲ್ಲಿ ಅಂಕಿಗಳಿವೆ. ಬರಿಯ ಲೆಕ್ಕಿಗನ ದೃಷ್ಟಿಗೆ ಆ ಅಂಕಿಗಳು ವಿಜಯದ ಅಳತೆ. ಅದೇ ಅಂಕಿಗಳನ್ನು ಮುಂದಿಟ್ಟುಕೊಂಡು ಅಶೋಕನು ತನ್ನ ಸಂತಾಪವನ್ನು ಬಂಡೆಯ ಮೇಲೆ ಬರೆಯಿಸಿದನು. ಸತ್ತವರ ಬಂಧುಗಳ, ಸ್ನೇಹಿತರ ದುಃಖವನ್ನೂ ಅವನು ಅಲ್ಲಿ ನೆನೆದಿದ್ದಾನೆ. ಸಂಖ್ಯೆ ಬದಲಾಗಲಿಲ್ಲ, ಸಂಖ್ಯೆಯನ್ನು ಓದಿದ ಮನಸ್ಸು ಬದಲಾಯಿತು. ಚರಿತ್ರೆಯ ಅಧ್ಯಯನದಿಂದ ನಾಯಕನಿಗೆ ದೊರೆಯಬೇಕಾದ ದೃಷ್ಟಿ ಇದು.

ಸಾಹಿತ್ಯದ ಪಾಠ ಇನ್ನೂ ಅಂತರಂಗದ್ದು. ಶೂನ್ಯಸಂಪಾದನೆಯಲ್ಲಿ ಬರುವ ಸಿದ್ಧರಾಮನ ಪ್ರಸಂಗವನ್ನು ಇಲ್ಲಿ ಸ್ಮರಿಸಬಹುದು. ಸೊನ್ನಲಿಗೆಯಲ್ಲಿ ಅಂದರೆ ಇಂದಿನ ಸೊಲ್ಲಾಪುರದಲ್ಲಿ, ಸಿದ್ಧರಾಮನು ಕೆರೆಯನ್ನು ಕಟ್ಟಿಸುತ್ತ, ದೇಗುಲಗಳನ್ನು ನಿಲ್ಲಿಸುತ್ತ ಸಾವಿರಾರು ಜನರಿಗೆ ಮುಂದಾಳಾಗಿದ್ದನು. ಅಲ್ಲಿಗೆ ಬಂದ ಅಲ್ಲಮಪ್ರಭು ಅವನನ್ನು ಒಡ್ಡರಾಮನೆಂದು ಹಂಗಿಸಿ ಕೂಗುತ್ತಾನೆ. ಕೆಲಸದವರು ಕೆರಳಿ ಕಲ್ಲೆಸೆಯುತ್ತಾರೆ. ಅನಂತರ ನಡೆಯುವ ಸಂವಾದದಲ್ಲಿ ಸಿದ್ಧರಾಮನ ಸಾಧನೆಗಿಂತ, ತಾನು ಮಾಡಿದೆನೆಂಬ ಅವನ ಭಾವವೇ ಪರೀಕ್ಷೆಗೆ ಒಳಗಾಗುತ್ತದೆ. ಕೆರೆ ಜನೋಪಕಾರಿ ಎಂಬುದರಲ್ಲಿ ಸಂದೇಹವಿಲ್ಲ. ಕಟ್ಟಿಸುವವನು ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಕೆರೆಯ ಅಳತೆಯಲ್ಲಿ ಇರುವುದಿಲ್ಲ. ಕಾರ್ಯದಕ್ಷನಾದ ನಾಯಕನಿಗೆ ನೇರವಾದ ಪ್ರಶ್ನೆಯನ್ನು ಎಸೆಯುವವರು ಬೇಕು. ಅದನ್ನು ಕೇಳಿ ತಾಳಿಕೊಳ್ಳುವ ಸಂಸ್ಕಾರ ನಾಯಕನಿಗಿರಬೇಕು. ಈಗಿನ ಭಾಷಾಯಂತ್ರಗಳಲ್ಲಿ ಕೇಳುವವನ ಮನಸ್ಸಿಗೊಪ್ಪುವಂತೆ ನುಡಿಯುವ ಒಲವು ಸಾಮಾನ್ಯವಾಗಿ ಕಾಣುತ್ತದೆ. ಅಲ್ಲಮನ ಸ್ಥಾನದಲ್ಲಿ ಅಂತಹ ಯಂತ್ರವನ್ನು ಕೂರಿಸಿಕೊಂಡ ನಾಯಕನಿಗೆ ಭಟ್ಟಂಗಿಯೊಬ್ಬನು ದೊರೆತಂತಾಗುತ್ತದೆ.

ಮೂರನೆಯದು ಪ್ರಮಾಣಪರೀಕ್ಷೆ. ಕೂಡಲಸಂಗಮದೇವ ಎಂಬ ಅಂಕಿತವನ್ನಿಟ್ಟು ವಚನದಂತೆ ತೋರುವ ಸಾಲುಗಳನ್ನು ಬರೆದುಕೊಡೆಂದರೆ ಭಾಷಾಯಂತ್ರವು ಹಿಂಜರಿಯದೆ ಬರೆದುಕೊಡುತ್ತದೆ. ಅದನ್ನು ಬಸವಣ್ಣನವರದೆಂದು ಭ್ರಮಿಸುವವರೂ, ಭಾಷಣದಲ್ಲಿ ಉದ್ಧರಿಸುವವರೂ ಇಲ್ಲದಿಲ್ಲ. ಅಂಕಿತವಿದ್ದ ಮಾತ್ರಕ್ಕೆ ವಚನವಾಗದೆಂಬುದನ್ನು ಕನ್ನಡದ ಗ್ರಂಥಸಂಪಾದನಶಾಸ್ತ್ರವು ಬಹುಕಾಲದ ಶ್ರಮದಿಂದ ಕಲಿಸಿದೆ. ಓಲೆಪ್ರತಿಗಳು ಎಷ್ಟು, ಯಾವ ಕಾಲದವು, ಪಾಠಾಂತರಗಳೇನು, ಪದವು ಹನ್ನೆರಡನೆಯ ಶತಮಾನದ ಬಳಕೆಗೆ ಹೊಂದುವುದೇ, ಭಾವವು ಆ ಶರಣರ ಒಟ್ಟು ನಿಲುವಿಗೆ ಕೂಡುವುದೇ ಎಂದು ಸಂಪಾದಕನು ಒಂದೊಂದಾಗಿ ಒರೆಗೆ ಹಚ್ಚುತ್ತಾನೆ. ಡಾ. ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 1993ರಲ್ಲಿ ಹೊರತಂದ ಸಮಗ್ರ ವಚನ ಸಂಪುಟಗಳ ಹಿಂದೆ ಇಂತಹ ಶೋಧನೆ ಇದೆ. ನಾಳಿನ ಗ್ರಾಮಾಧ್ಯಕ್ಷನಾಗಲಿ ಅಧಿಕಾರಿಯಾಗಲಿ ಯಂತ್ರವು ಒಪ್ಪಿಸಿದ ವರದಿಯನ್ನು ಇದೇ ಕಣ್ಣಿನಿಂದ ನೋಡಬೇಕಾಗುತ್ತದೆ. ಇದರ ಮೂಲವೇನು, ಯಾರನ್ನು ಕೇಳಿ ಬರೆದುದು, ಯಾರ ಮಾತು ಬಿಟ್ಟುಹೋಗಿದೆ ಎಂಬ ಪ್ರಶ್ನೆಗಳು ಸಾಹಿತ್ಯದ ವಿದ್ಯಾರ್ಥಿಗೆ ಹೊಸವಲ್ಲ. ಅವನು ತರಗತಿಯಲ್ಲಿ ಕಲಿತ ಪಾಠನಿರ್ಣಯದ ವಿದ್ಯೆ ಊರಿನ ನ್ಯಾಯನಿರ್ಣಯಕ್ಕೂ ಒದಗುತ್ತದೆ.

ಒಂದು ಆಕ್ಷೇಪ

ಇಲ್ಲಿ ಬಲವಾದ ಆಕ್ಷೇಪವೊಂದನ್ನು ಎತ್ತಬಹುದು. ಕಾವ್ಯವನ್ನೋದಿದವರೆಲ್ಲ ಸಜ್ಜನರಾಗಿದ್ದಾರೆಯೇ? ಅರಮನೆಗಳಲ್ಲಿ ಪಂಡಿತರು ತುಂಬಿದ್ದ ಕಾಲದಲ್ಲಿಯೂ ಅನ್ಯಾಯದ ಯುದ್ಧಗಳು ನಡೆದವು. ಅವುಗಳನ್ನು ಹೊಗಳಿ ಪ್ರಶಸ್ತಿಗಳನ್ನು ಬರೆದವರು ವಿದ್ವಾಂಸರೇ. ಈ ಆಕ್ಷೇಪವನ್ನು ಒಪ್ಪಲೇಬೇಕು. ಓದು ತಾನಾಗಿಯೇ ಗುಣವನ್ನು ಕೊಡುವುದಿಲ್ಲ. ಓದಿದುದನ್ನು ಬದುಕಿನ ಹೊಣೆಯೊಡನೆ ಹೊಂದಿಸಿಕೊಂಡಾಗ ಮಾತ್ರ ಅದು ವಿವೇಕವಾಗುತ್ತದೆ. ಅಂತೆಯೇ ಲೆಕ್ಕವನ್ನು ತಿಳಿಯದ ಸದುದ್ದೇಶವೂ ಅಪಾಯಕಾರಿ. ನೀರಿನ ಪ್ರಮಾಣವನ್ನು ಅರಿಯದೆ ಎಲ್ಲರಿಗೂ ಕೊಡುತ್ತೇನೆಂದು ಮಾತುಕೊಡುವ ಮುಂದಾಳು ಕೊನೆಗೆ ಯಾರಿಗೂ ಕೊಡಲಾರನು.

ಕನ್ನಡ ನಾಡಿನ ಶ್ರೇಷ್ಠ ಮುಂದಾಳುಗಳಲ್ಲಿ ಈ ಎರಡು ವಿದ್ಯೆಗಳೂ ಒಂದೆಡೆ ಕೂಡಿದ್ದವೆಂಬುದು ಗಮನಾರ್ಹ. ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಗಳು. ಬೊಕ್ಕಸದ ಆಯವ್ಯಯ ಬಲ್ಲವರು. ದೀಕ್ಷಾಬೋಧೆಯ ಕರ್ತೃವಾದ ಪದ್ಮರಸನು ಹೊಯ್ಸಳರ ಮಂತ್ರಿಯಾಗಿ ಕೆರೆಯನ್ನು ಕಟ್ಟಿಸಿ ಕೆರೆಯ ಪದ್ಮರಸನೆನಿಸಿದನೆಂದು ಪರಂಪರೆ ಹೇಳುತ್ತದೆ. ತುಂಗಭದ್ರೆಯ ದಡದ ವಿಜಯನಗರದಲ್ಲಿ ಪ್ರೌಢದೇವರಾಯನ ದಂಡನಾಯಕನಾಗಿದ್ದ ಲಕ್ಕಣ್ಣ ದಂಡೇಶನು ಶಿವತತ್ತ್ವ ಚಿಂತಾಮಣಿಯನ್ನು ರಚಿಸಿದನು. ಈಚಿನ ಕಾಲಕ್ಕೆ ಬಂದರೆ ಡಾ. ಫ. ಗು. ಹಳಕಟ್ಟಿಯವರ ಜೀವನ ಇದಕ್ಕೆ ನಿದರ್ಶನ. 1880ರಲ್ಲಿ ಧಾರವಾಡದಲ್ಲಿ ಜನಿಸಿ ವಿಜಾಪುರದಲ್ಲಿ ವಕೀಲರಾಗಿದ್ದ ಅವರು ಮನೆಮನೆಗೆ ಅಲೆದು ವಚನಗಳ ಓಲೆಪ್ರತಿಗಳನ್ನು ಸಂಗ್ರಹಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಅದೇ ವ್ಯಕ್ತಿ ಸಹಕಾರಿ ಬ್ಯಾಂಕಿನ ಸ್ಥಾಪನೆಗೂ ಶಿಕ್ಷಣಸಂಸ್ಥೆಯ ಸ್ಥಾಪನೆಗೂ ದುಡಿದರು. ಓಲೆಗರಿಯ ಅಕ್ಷರವನ್ನು ತಾಳ್ಮೆಯಿಂದ ಬಿಡಿಸುವ ಕಣ್ಣೂ ಬಡವನ ಸಾಲದ ಲೆಕ್ಕವನ್ನು ನೋಡುವ ಕಣ್ಣೂ ಅವರಲ್ಲಿ ಬೇರೆಬೇರೆಯಾಗಿರಲಿಲ್ಲ.

ಮುಂದಿನ ಮಾರ್ಗ

ಆದುದರಿಂದ ಯಂತ್ರವನ್ನು ದೂಷಿಸುವುದಾಗಲಿ ಅದಕ್ಕೆ ಶರಣಾಗುವುದಾಗಲಿ ವಿವೇಕಿಗಳ ಮಾರ್ಗವಲ್ಲ. ಬಳ್ಳಾರಿ ಸೀಮೆಯ ಮಕ್ಕಳು ಗಣಿತವನ್ನೂ ಗಣಕವನ್ನೂ ಚೆನ್ನಾಗಿ ಕಲಿಯಲಿ. ಅದರೊಡನೆ ಕಾವ್ಯ, ಚರಿತ್ರೆ, ತತ್ತ್ವಗಳನ್ನು ಅಂಕಗಳಿಕೆಗೆ ಒದಗದ ವಿಷಯಗಳೆಂದು ತಳ್ಳಿಬಿಡುವ ಪ್ರವೃತ್ತಿ ನಿಲ್ಲಬೇಕು. ತಾಂತ್ರಿಕ ಕಾಲೇಜುಗಳಲ್ಲಿ ಕನ್ನಡದ ಪಾಠವು ವ್ಯಾಕರಣದ ನಾಲ್ಕು ಪುಟಗಳಿಗೆ ಮುಗಿಯದೆ, ರಾಘವಾಂಕನ ಹರಿಶ್ಚಂದ್ರನು ಕೊಟ್ಟ ಮಾತಿಗಾಗಿ ಏನನ್ನೆಲ್ಲ ತೆತ್ತನೆಂಬ ಚರ್ಚೆಯವರೆಗೂ ಹೋಗಬೇಕು. ಸಾಹಿತ್ಯದ ವಿದ್ಯಾರ್ಥಿಗಳೂ ಯಂತ್ರದ ಕಾರ್ಯವಿಧಾನವನ್ನು ತಿಳಿದುಕೊಳ್ಳುವುದು ಅಗತ್ಯ. ತಿಳಿಯದುದನ್ನು ಪ್ರಶ್ನಿಸುವ ಅಧಿಕಾರ ಯಾರಿಗೂ ಬರುವುದಿಲ್ಲ.

ಇನ್ನು ಮುಂದಾಳುಗಳಾದವರು ಯಂತ್ರದ ಸಲಹೆಯನ್ನು ಸಹಿಗಾಗಿ ಕೈಗೆತ್ತಿಕೊಂಡಾಗ ನಾಲ್ಕು ಪ್ರಶ್ನೆಗಳನ್ನಾದರೂ ಕೇಳಬೇಕು. ಇದಕ್ಕೆ ಗುರಿಯನ್ನು ಗೊತ್ತುಮಾಡಿದವರು ಯಾರು? ಇದರ ಲೆಕ್ಕದಲ್ಲಿ ಬಾರದೆ ಹೋದವರು ಯಾರು? ಇದು ತಪ್ಪಾದರೆ ನಷ್ಟ ಯಾರಿಗೆ? ನಷ್ಟಕ್ಕೊಳಗಾದವನು ಬಂದು ಕೇಳಿದರೆ ಅವನ ಮಾತಿನಲ್ಲಿಯೇ ಅವನಿಗೆ ವಿವರಿಸಲು ಸಾಧ್ಯವೇ? ಕೊನೆಯ ಪ್ರಶ್ನೆಗೆ ಇಲ್ಲವೆಂಬ ಉತ್ತರ ಬಂದರೆ ಆ ಕಾಗದಕ್ಕೆ ಸಹಿ ಹಾಕಲಾಗದು. ಶರಣರು ತಮ್ಮ ಅನುಭಾವವನ್ನು ಜನರ ನುಡಿಯಲ್ಲಿ ಹೇಳಿದುದರ ಹಿಂದೆ ಇದೇ ತತ್ತ್ವವಿತ್ತು. ಕೇಳುವವನಿಗೆ ಅರ್ಥವಾಗದ ಮಾತಿನಿಂದ ಅವನನ್ನು ಆಳುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ಬರುವ ವರ್ಷಗಳಲ್ಲಿ ಕಾಲುವೆಯ ತೂಬುಗಳನ್ನೂ ಯಂತ್ರವೇ ತೆರೆದು ಮುಚ್ಚುವ ಕಾಲ ಬರಬಹುದು. ನೀರುಗಂಟಿಯ ಶ್ರಮ ಕಡಮೆಯಾಗುವುದಾದರೆ ಅದು ಸ್ವಾಗತಾರ್ಹ. ಆದರೆ ನೀರು ತಲಪದ ರೈತನೊಬ್ಬನು ಕಾಲುವೆಯ ಕೊನೆಯಿಂದ ನಡೆದು ಬಂದು ತನ್ನ ಪಾಲೆಲ್ಲಿ ಎಂದು ಕೇಳಿದಾಗ, ಅವನೆದುರು ಕುಳಿತು ಕೇಳಿಸಿಕೊಳ್ಳುವ ಮನುಷ್ಯನೊಬ್ಬನು ಆ ಸಂಘದ ಕೋಣೆಯಲ್ಲಿ ಇರಲೇಬೇಕು. ಅಂತಹ ಮನುಷ್ಯನನ್ನು ಸಿದ್ಧಗೊಳಿಸುವುದು ಮಾನವಿಕ ಶಾಸ್ತ್ರಗಳ ಕಾಯಕ. ಅದನ್ನು ಕೈಬಿಟ್ಟ ಸಮಾಜದಲ್ಲಿ ಲೆಕ್ಕಗಳೆಲ್ಲ ಸರಿಯಾಗಿದ್ದು, ನ್ಯಾಯವನ್ನು ಯಾರಲ್ಲಿ ಕೇಳಬೇಕೆಂಬುದೇ ಜನರಿಗೆ ತಿಳಿಯದಂತಾದೀತು.